ಜಿ6ಪಿಡಿ ಜಾಸ್ತಿ ತಯಾರಿಸುವ ಸೆಲ್ ಲೈನ್: ಧಾರವಾಡದ ಒಂದು ಲ್ಯಾಬ್ ಲಾಗ್

ಜಿ6ಪಿಡಿ (ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್) ಅನ್ನೋ ಕಿಣ್ವದ ಮನುಷ್ಯರ ಜೀನನ್ನು ಲೆಂಟಿವೈರಸ್ ವೆಕ್ಟರ್‌ಗೆ (ಜೀನನ್ನು ಸೆಲ್ ಒಳಗೆ ಸಾಗಿಸುವ ವೈರಸ್) ಸೇರಿಸಿ, ಆ ಕಿಣ್ವವನ್ನು ಮಾಮೂಲಿಗಿಂತ ಜಾಸ್ತಿ ತಯಾರಿಸುವ ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೆಸುತ್ತಾ ಹೋಗುವ ಸೆಲ್‌ಗಳು) ಮಾಡುವ ಕೆಲಸ ಕೊನೆಗೂ ಒಂದು ಹಂತಕ್ಕೆ ಬಂತು. ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದನ್ನು ಸಾಲಾಗಿ ಇಲ್ಲಿ ಹಾಕುತ್ತಿದ್ದೇನೆ. ಕಿಟ್ ಜೊತೆ ಬರುವ ಮ್ಯಾನ್ಯುಯಲ್ ಓದಿದರೆ ಎಲ್ಲಾ ಸಲೀಸು ಅನಿಸುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಧಾರವಾಡದ ಸಣ್ಣ ಲ್ಯಾಬ್‌ನಲ್ಲಿ ಅದೇ ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಅದರಲ್ಲಿ ಇರೋದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ಪರೀಕ್ಷೆ) ದಪ್ಪ ಬ್ಯಾಂಡ್ ಬಂದರೆ ಪ್ರೋಟೀನ್ ಜಾಸ್ತಿಯಾಗಿದೆ ಎಂದಷ್ಟೇ ಅರ್ಥ. ಕಿಣ್ವ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನೋದನ್ನು ಬೇರೆಯಾಗಿಯೇ ಅಳೆಯಬೇಕು. ನಮ್ಮ ಟೈಮ್ ಜಾಸ್ತಿ ಹೋಗಿದ್ದೂ ಅಲ್ಲೇ.

ಜಿ6ಪಿಡಿ ಯಾಕೆ ಅಂದರೆ, ಸೆಲ್ ಒಳಗೆ ಗ್ಲೂಕೋಸ್ ಬಳಕೆಯಾಗುವ ಪೆಂಟೋಸ್ ಫಾಸ್ಫೇಟ್ ದಾರಿಯ ಮೊದಲ ಮೆಟ್ಟಿಲು ಈ ಕಿಣ್ವ. ಎನ್‌ಎಡಿಪಿಎಚ್ ಅನ್ನೋ ಅಣು ಇಲ್ಲಿಂದ ಬರುತ್ತದೆ. ಕೆಂಪು ರಕ್ತಕಣಗಳು ಆಕ್ಸಿಡೇಟಿವ್ ಹೊಡೆತ ತಡೆದುಕೊಳ್ಳೋದು ಇದರ ಬಲದ ಮೇಲೆ. ಇದು ಕಡಿಮೆ ಇರುವವರಿಗೆ ಮಲೇರಿಯಾಕ್ಕೆ ಪ್ರಿಮಾಕ್ವಿನ್ ಕೊಟ್ಟರೆ ರಕ್ತಕಣ ಒಡೆಯುತ್ತವೆ. ಪ್ರಪಂಚದಲ್ಲಿ ಸುಮಾರು 40 ಕೋಟಿ ಜನರಿಗೆ ಈ ಕೊರತೆ ಇದೆ ಎಂಬ ಅಂದಾಜಿದೆ. ಕೊರತೆಯ ಬಗ್ಗೆ ತುಂಬಾ ಕೆಲಸ ಆಗಿದೆ. ನಮಗೆ ಬೇಕಾಗಿದ್ದು ಉಲ್ಟಾ: ಕಿಣ್ವ ಜಾಸ್ತಿಯಾದರೆ ಸೆಲ್ ಎಷ್ಟು ತಡೆದುಕೊಳ್ಳುತ್ತದೆ?

ಹಂತ 1: ಅನುಮತಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಲೆಂಟಿವೈರಸ್ ವೆಕ್ಟರ್ ಬಂದಿರೋದು ಎಚ್‌ಐವಿ-1ರಿಂದ. ಅದು ತಾನಾಗಿ ಹೆಚ್ಚಿಕೊಳ್ಳದ ಹಾಗೆ ತುಂಡು ಮಾಡಿರುತ್ತಾರೆ, ಆದರೂ ಬಿಎಸ್ಎಲ್-2 (ಎರಡನೇ ಹಂತದ ಜೈವಿಕ ಸುರಕ್ಷತೆ ಇರುವ) ಲ್ಯಾಬ್ ಬೇಕೇ ಬೇಕು. ಸಂಸ್ಥೆಯ ಐಬಿಎಸ್‌ಸಿ (ಜೈವಿಕ ಸುರಕ್ಷತೆ) ಕಮಿಟಿಗೆ ಅರ್ಜಿ ಹಾಕಿ, ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಯ ಪ್ರಕಾರ ಎಲ್ಲಾ ತುಂಬಿ ಕೊಟ್ಟೆವು.

ಕಮಿಟಿಯಲ್ಲಿ ಒಬ್ಬರು ಒಳ್ಳೇ ಪ್ರಶ್ನೆ ಕೇಳಿದರು. "ಇದು ಬರೀ ಮೆಟಬಾಲಿಕ್ ಜೀನ್ ಅಂತೀರಿ, ಖರೇನ ಏನೂ ಅಪಾಯ ಇಲ್ಲೇನ್ರಿ?" ಇದೆ. ಎನ್‌ಐಎಚ್ 3ಟಿ3 ಅನ್ನೋ ಇಲಿಯ ಸೆಲ್‌ಗಳಲ್ಲಿ ಮನುಷ್ಯರ ಜಿ6ಪಿಡಿ ಜಾಸ್ತಿ ಮಾಡಿದಾಗ ಅವು ಗಡ್ಡೆ ಕಟ್ಟುವ ಸ್ವಭಾವಕ್ಕೆ ತಿರುಗಿದವು ಎಂದು 2000ದಲ್ಲೇ ವರದಿಯಾಗಿದೆ. ನಾವು ಬಳಸುವ ವಿಎಸ್‌ವಿ-ಜಿ (ಬೇರೊಂದು ವೈರಸ್‌ನ ಪ್ರೋಟೀನ್) ಹೊದಿಕೆ ಇರುವ ವೈರಸ್ ಮನುಷ್ಯರ ಸೆಲ್‌ಗಳಿಗೂ ಸಲೀಸಾಗಿ ನುಗ್ಗುತ್ತದೆ. ಹಾಗಾಗಿ ಕೆಲವು ನಿಯಮ ಬರೆದು ಗೋಡೆಗೆ ಅಂಟಿಸಿದೆವು: ವೈರಸ್ ಕೆಲಸದಲ್ಲಿ ಸೂಜಿ ಇಲ್ಲ, ಗಾಜಿನ ಪಿಪೆಟ್ ಇಲ್ಲ, ಎರಡು ಜೊತೆ ಗ್ಲೌಸ್, ಒಬ್ಬರೇ ಇರುವಾಗ ಕೆಲಸ ಇಲ್ಲ, ನೆನೆಸಬಹುದಾದ ಎಲ್ಲಾ ತ್ಯಾಜ್ಯಕ್ಕೆ ಹೈಪೋಕ್ಲೋರೈಟ್, ಅದರಲ್ಲಿ ನೆನೆಯದ ಗಟ್ಟಿ ಕಸಕ್ಕೆ ಆಟೋಕ್ಲೇವ್. ಹೈಪೋಕ್ಲೋರೈಟ್ ಹಾಕಿದ ದ್ರವವನ್ನು ಆಟೋಕ್ಲೇವ್‌ಗೆ ಇಡಬೇಡಿ, ಕ್ಲೋರಿನ್ ಆವಿ ಏಳುತ್ತದೆ.

ಹಂತ 2: ಪ್ಲಾಸ್ಮಿಡ್ (ಜೀನ್ ಹೊರುವ ಡಿಎನ್‌ಎ ಉಂಗುರ) ಜೋಡಣೆ

ಜಿ6ಪಿಡಿ ಪ್ರೋಟೀನ್‌ನಲ್ಲಿ 515 ಅಮೈನೋ ಆಮ್ಲಗಳು. ಸ್ಟಾಪ್ ಸೇರಿ ಕೋಡ್ ಆಗುವ ಭಾಗ 1548 ಬೇಸ್. ಲೆಂಟಿವೈರಸ್ ಸುಮಾರು 9 ಸಾವಿರ ಬೇಸ್‌ವರೆಗೆ ಹೊರುತ್ತದೆ, ಹಾಗಾಗಿ ಜಾಗದ ತೊಂದರೆ ಇಲ್ಲ. ಜೀನ್ ಸಾಗಿಸುವ ಇನ್ನೊಂದು ವೈರಸ್ ಎಎವಿ ಯಾಕೆ ಬೇಡ ಎಂದು ಜೂನಿಯರ್ ಕೇಳಿದ. ಎಎವಿಯಲ್ಲಿ 4.7 ಸಾವಿರ ಬೇಸ್ ಮಿತಿ ಇದೆ, ಈ ಜೀನ್ ಅದರಲ್ಲೂ ಹಿಡಿಸುತ್ತದೆ. ಆದರೆ ಎಎವಿ ಸಾಮಾನ್ಯವಾಗಿ ಸೆಲ್‌ನ ಜೀನೋಮ್‌ಗೆ ಸೇರಿಕೊಳ್ಳೋದಿಲ್ಲ, ಸೆಲ್ ಒಡೆದು ಎರಡಾದ ಹಾಗೆಲ್ಲಾ ತೆಳುವಾಗುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಬೆಳೆಸುವ ಲೈನ್ ಬೇಕಾದರೆ ಲೆಂಟಿಯೇ ಸರಿ.

ವಿನ್ಯಾಸ ಸರಳ. ಇಎಫ್1-ಆಲ್ಫಾ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ತುಂಡು), ಅದರ ಮುಂದೆ ಜಿ6ಪಿಡಿ, ಆಮೇಲೆ ಪಿಜಿಕೆ ಪ್ರೊಮೋಟರ್‌ನಿಂದ ಪ್ಯೂರೋಮೈಸಿನ್ (ಸೆಲ್ ಕೊಲ್ಲುವ ಔಷಧ) ತಡೆಯುವ ಜೀನ್. ಸಿಎಂವಿ ಪ್ರೊಮೋಟರ್ ಬೇಡ ಅಂದುಕೊಂಡೆವು, ಅದು ಕೆಲವು ಸೆಲ್‌ಗಳಲ್ಲಿ ಕಾಲ ಕಳೆದಂತೆ ಮಂಕಾಗುತ್ತದೆ. ಫ್ಲ್ಯಾಗ್ ಟ್ಯಾಗ್ (ನಮ್ಮ ಪ್ರೋಟೀನನ್ನು ಗುರುತಿಸಲು ಹಚ್ಚುವ ಸಣ್ಣ ತುಂಡು) ಅನ್ನು ಪ್ರೋಟೀನ್‌ನ ಮುಂಭಾಗಕ್ಕೆ ಹಾಕಿದೆವು. ಜಿ6ಪಿಡಿಗೆ ಕೆಲಸದ ಜಾಗ ಬಿಟ್ಟು ಇನ್ನೊಂದು ಕಡೆ ಎನ್‌ಎಡಿಪಿ (ಎನ್‌ಎಡಿಪಿಎಚ್ ಆಗುವ ಮೊದಲಿನ ರೂಪ) ಕೂರುತ್ತದೆ, ಅದು ಪ್ರೋಟೀನನ್ನು ಗಟ್ಟಿ ಹಿಡಿದಿಡುತ್ತದೆ. ಆ ಜಾಗ ಬಾಲದ ತುದಿಗೆ ಹತ್ತಿರ, ಹಾಗಾಗಿ ಅಲ್ಲಿ ಏನನ್ನೂ ನೇತುಹಾಕಲಿಲ್ಲ.

ಡಿಎನ್‌ಎ ತುಂಡುಗಳ ಹೊಂದುವ ತುದಿಗಳನ್ನು ಬೆಸೆಯುವ ಗಿಬ್ಸನ್ ಜೋಡಣೆ ಮಾಡಿದೆವು. ಪ್ರೈಮರ್‌ಗಳಿಗೆ 25 ಬೇಸ್ ಓವರ್‌ಲ್ಯಾಪ್, 50 ಡಿಗ್ರಿಯಲ್ಲಿ ಒಂದು ಗಂಟೆ. ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವುದು) ಆದಮೇಲೆ ಡಿಪಿಎನ್-1 ಕಿಣ್ವ ಹಾಕಿ ಹಳೇ ಟೆಂಪ್ಲೇಟ್ ಕತ್ತರಿಸಿ ಹಾಕಿ, ಇಲ್ಲದಿದ್ದರೆ ಪ್ಲೇಟ್ ತುಂಬಾ ಹಳೇ ಪ್ಲಾಸ್ಮಿಡ್‌ನ ಕಾಲೊನಿಗಳೇ ಬರುತ್ತವೆ. ಎರಡು ಪ್ರೈಮರ್‌ಗೆ ಸುಮಾರು ಸಾವಿರ ರೂಪಾಯಿ ಬಿತ್ತು.

ಕಾಲೊನಿಗಳು ಚೆನ್ನಾಗಿಯೇ ಬಂದವು. ಆದರೆ ಮಿನಿಪ್ರೆಪ್ ಮಾಡಿ (ಬ್ಯಾಕ್ಟೀರಿಯಾದಿಂದ ಪ್ಲಾಸ್ಮಿಡ್ ತೆಗೆದು) ಕತ್ತರಿಸಿ ಜೆಲ್ ಓಡಿಸಿದರೆ ಬೇಕಾದ ಬ್ಯಾಂಡ್ ಜೊತೆ ಕೆಳಗೆ ಇನ್ನೊಂದು ಸಣ್ಣ ಬ್ಯಾಂಡ್. ಲೆಂಟಿ ಪ್ಲಾಸ್ಮಿಡ್‌ನಲ್ಲಿ ವೈರಸ್ ಭಾಗದ ಎರಡು ತುದಿಗೂ ಎಲ್‌ಟಿಆರ್ ಅನ್ನೋ ತುಂಡು ಇರುತ್ತದೆ, ಒಂದನ್ನೊಂದು ಹೋಲುವ ಆ ತುಂಡುಗಳ ನಡುವೆ ಬ್ಯಾಕ್ಟೀರಿಯಾ ಒಳಗೇ ರೀಕಾಂಬಿನೇಶನ್ (ಡಿಎನ್‌ಎ ಕಡಿದು ಮರುಜೋಡಣೆ) ಆಗಿ ಮಧ್ಯದ್ದೆಲ್ಲಾ ಹಾರಿಹೋಗುತ್ತದೆ. ಇದಕ್ಕೆ ಉಪಾಯ ಗೊತ್ತಿರುವುದೇ: ರೀಕಾಂಬಿನೇಶನ್ ಕಡಿಮೆ ಮಾಡುವ ಎಸ್‌ಟಿಬಿಎಲ್3 ಬ್ಯಾಕ್ಟೀರಿಯಾ, 37ರ ಬದಲು 30 ಡಿಗ್ರಿ. ಬ್ಯಾಕ್ಟೀರಿಯಾ ಎಸ್‌ಟಿಬಿಎಲ್3 ಆಗಿಯೇ ಇತ್ತು, ಶೇಕರ್ ಮೇಲೂ 30 ಎಂದೇ ಸೆಟ್ ಮಾಡಿತ್ತು.

ತೊಂದರೆ ಶೇಕರ್‌ನಲ್ಲಿ ಸಿಕ್ಕಿತು. ನಮ್ಮ ಶೇಕರ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡೋದಿಲ್ಲ. ಏಪ್ರಿಲ್‌ನಲ್ಲಿ ರೂಮೇ 33-34 ಡಿಗ್ರಿ, ಅದರ ಮೇಲೆ ಮೋಟರ್‌ನ ಬಿಸಿ. ಫ್ಲಾಸ್ಕ್‌ನಲ್ಲಿ ನೀರು ಹಾಕಿ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ 36 ತೋರಿಸಿತು. ಶೇಕರ್‌ನ ಡಿಸ್‌ಪ್ಲೇ ಮಾತ್ರ ನಾವು ಸೆಟ್ ಮಾಡಿದ 30ನ್ನೇ ತೋರಿಸುತ್ತಾ ಕೂತಿತ್ತು. ಪರಿಹಾರ ಪಕ್ಕದ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿತ್ತು. ಅವರ ಬಿಒಡಿ ಇನ್‌ಕ್ಯುಬೇಟರ್‌ಗೆ ಕಂಪ್ರೆಸರ್ ಇದೆ, ತಣ್ಣಗೂ ಮಾಡುತ್ತದೆ. ಒಂದು ಸಣ್ಣ ಆರ್ಬಿಟಲ್ ಶೇಕರನ್ನು ಅದರೊಳಗೆ ಇಟ್ಟು, ವೈರನ್ನು ಬಾಗಿಲ ರಬ್ಬರ್ ಪಕ್ಕದಿಂದ ತೆಗೆದು, ಸಂದಿಗೆ ಹತ್ತಿ ತುಂಬಿದೆವು. ಅಲ್ಲಿಂದ ಮುಂದೆ ಸಣ್ಣ ಬ್ಯಾಂಡ್ ಕಾಣಲಿಲ್ಲ. ಬೇಸಿಗೆಯಲ್ಲಿ ಲೆಂಟಿ ಪ್ಲಾಸ್ಮಿಡ್ ಬೆಳೆಸುವವರು ಮೊದಲು ಶೇಕರ್ ಒಳಗೆ ಒಂದು ಥರ್ಮಾಮೀಟರ್ ಇಟ್ಟು ನೋಡಿ.

ಹಂತ 3: ಸೀಕ್ವೆನ್ಸಿಂಗ್ (ಬೇಸ್‌ಗಳ ಸಾಲು ಓದಿಸುವುದು)

ಒಂದು ಸ್ಯಾಂಗರ್ ರೀಡ್‌ನಲ್ಲಿ ನಂಬಬಹುದಾದದ್ದು 700-800 ಬೇಸ್. ಹಾಗಾಗಿ ಪೂರ್ತಿ ಜೀನ್‌ಗೆ ಮೂರು ರೀಡ್ ಬೇಕು, ಒಂದಕ್ಕೆ 400 ರೂಪಾಯಿ ಹತ್ತಿರ. ಎರಡು ಕ್ಲೋನ್ ಕಳಿಸಿದೆವು. ಒಂದರಲ್ಲಿ ಪಿಸಿಆರ್‌ನಿಂದ ಬಂದ ಬದಲಾವಣೆ ಇತ್ತು, ಬಿಸಾಡಿದೆವು. ಇನ್ನೊಂದರಲ್ಲಿ 1311ನೇ ಬೇಸ್ ಸಿ ಇರಬೇಕಾದ ಕಡೆ ಟಿ ಇತ್ತು. ಜೂನಿಯರ್ ಮುಖ ಬಾಡಿತು. ಅದನ್ನೂ ಬಿಸಾಡುವ ಮೊದಲು ಕೂತು ನೋಡಿದೆವು. ಅದು ಜನರಲ್ಲಿ ಸಾಮಾನ್ಯವಾಗಿ ಸಿಗುವ ವ್ಯತ್ಯಾಸ, ನಮ್ಮ ದೇಶದಲ್ಲೂ ಇದೆ, ಸಿ ಇದ್ದರೂ ಟಿ ಇದ್ದರೂ ಪ್ರೋಟೀನ್‌ನ 437ನೇ ಜಾಗದಲ್ಲಿ ಟೈರೋಸಿನ್ ಅಮೈನೋ ಆಮ್ಲವೇ ಬರುತ್ತದೆ. ಪ್ರೋಟೀನ್ ಬದಲಾಗೋದಿಲ್ಲ. ಅದನ್ನೇ ಇಟ್ಟುಕೊಂಡೆವು. ರೆಫರೆನ್ಸ್‌ಗೆ ಹೊಂದಲಿಲ್ಲ ಎಂದು ಕಣ್ಣುಮುಚ್ಚಿ ಒಳ್ಳೇ ಕ್ಲೋನ್ ಎಸೆಯಬೇಡಿ.

ಹಂತ 4: ವೈರಸ್ ತಯಾರಿ

ಮೂರನೇ ತಲೆಮಾರಿನ ಪ್ಯಾಕೇಜಿಂಗ್ ಬಳಸಿದೆವು. ಅಂದರೆ ವೈರಸ್‌ಗೆ ಬೇಕಾದ ಸಾಮಾನು ಬೇರೆ ಬೇರೆ ಪ್ಲಾಸ್ಮಿಡ್‌ಗಳಲ್ಲಿ ಹಂಚಿರುತ್ತದೆ: ವೈರಸ್‌ನ ಜೀನ್‌ಗಳಾದ ಗ್ಯಾಗ್-ಪಾಲ್ ಒಂದರಲ್ಲಿ, ರೆವ್ ಇನ್ನೊಂದರಲ್ಲಿ, ಹೊದಿಕೆ ಮತ್ತೊಂದರಲ್ಲಿ, ನಮ್ಮ ಜೀನ್ ನಾಲ್ಕನೆಯದರಲ್ಲಿ. ತಯಾರಾದ ವೈರಸ್ ಒಂದು ಸಲ ಸೆಲ್ ಒಳಗೆ ಹೋಗಬಹುದು ಅಷ್ಟೇ, ಅಲ್ಲಿಂದ ಮತ್ತೆ ಹುಟ್ಟಿ ಹೊರಬರಲು ಆಗೋದಿಲ್ಲ. ವೈರಸ್ ತಯಾರಿಸುವ ಸೆಲ್ ಎಚ್‌ಇಕೆ 293ಟಿ (ಮನುಷ್ಯರ ಮೂತ್ರಪಿಂಡದ ಸೆಲ್ ಲೈನ್).

ಟ್ರಾನ್ಸ್‌ಫೆಕ್ಷನ್‌ಗೆ (ಪ್ಲಾಸ್ಮಿಡ್‌ಗಳನ್ನು ಸೆಲ್ ಒಳಗೆ ಸೇರಿಸಲು) ದುಬಾರಿ ಕಿಟ್ ಬೇಕಿಲ್ಲ. 25 ಸಾವಿರ ಅಣುತೂಕದ ಲೀನಿಯರ್ ಪಿಇಐ (ಡಿಎನ್‌ಎಗೆ ಅಂಟಿ ಅದನ್ನು ಸೆಲ್ ಒಳಗೆ ಒಯ್ಯುವ ಪಾಲಿಮರ್) ಪುಡಿ ತಂದು 1 ಮಿ.ಗ್ರಾಂ/ಮಿ.ಲೀ. ದ್ರಾವಣ ಮಾಡಿ, ಪಿಎಚ್ 7ಕ್ಕೆ ತಂದು, ಸೋಸಿ, ಸಣ್ಣ ಟ್ಯೂಬ್‌ಗಳಲ್ಲಿ ಫ್ರೀಜರ್‌ಗೆ ಇಟ್ಟರೆ ತುಂಬಾ ದಿನ ಬರುತ್ತದೆ. ಡಿಎನ್‌ಎ ಒಂದು ಭಾಗಕ್ಕೆ ಪಿಇಐ ಮೂರು ಭಾಗ. ಸೆಲ್‌ಗಳು ಡಿಶ್‌ನ ಶೇ. 70-80 ಭಾಗ ತುಂಬಿರಬೇಕು. 293ಟಿ ಸೆಲ್‌ಗಳು ತಳಕ್ಕೆ ಗಟ್ಟಿ ಹಿಡಿಯೋದಿಲ್ಲ, ಮೀಡಿಯಂ (ಸೆಲ್ ಬೆಳೆಸುವ ದ್ರವ) ಬದಲಿಸುವಾಗ ಡಿಶ್‌ನ ಗೋಡೆಯ ಮೇಲೆ ನಿಧಾನವಾಗಿ ಬಿಡಿ, ನೇರ ಸುರಿದರೆ ಹಾಳೆ ಎದ್ದ ಹಾಗೆ ಏಳುತ್ತವೆ.

ಮೊದಲ ಬ್ಯಾಚ್ ವ್ಯರ್ಥವಾಯಿತು. ಶನಿವಾರ ಟ್ರಾನ್ಸ್‌ಫೆಕ್ಷನ್ ಮಾಡಿ ಹೋಗಿದ್ದೆವು, ಸೋಮವಾರ ಬಂದು ಇನ್‌ಕ್ಯುಬೇಟರ್ ಬಾಗಿಲು ತೆಗೆದರೆ ಮೀಡಿಯಂ ಕಡುಗುಲಾಬಿಗೆ ತಿರುಗಿತ್ತು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಖಾಲಿ. ಗ್ಯಾಸ್ ಇಲ್ಲದಿದ್ದರೆ ಮೀಡಿಯಂನ ಪಿಎಚ್ ಏರುತ್ತದೆ. ಸೆಲ್‌ಗಳು ಬದುಕಿದ್ದವು, ಆದರೆ ಅವು ಕೊಟ್ಟ ವೈರಸ್ ಏನಕ್ಕೂ ಸಾಲುವಷ್ಟು ಇರಲಿಲ್ಲ. ಸಿಲಿಂಡರ್ ಗೇಜ್ ನಂಬುವುದರಲ್ಲೂ ಒಂದು ವಿಷಯ ಇದೆ. ಒಳಗೆ ದ್ರವ ಇರುವವರೆಗೂ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ದ್ರವ ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಹಾಗಾಗಿ ಎಷ್ಟು ಉಳಿದಿದೆ ಎಂದು ಗೇಜ್ ಹೇಳೋದಿಲ್ಲ, ತೂಕ ಹೇಳುತ್ತದೆ.

ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಗ್ಯಾಸ್ ಅಂಗಡಿಯವರೇ ಇದನ್ನು ಬಿಡಿಸಿ ಹೇಳಿದ್ದು. "ಮುಳ್ಳ ನೋಡಿ ಕುಂದರಬ್ಯಾಡ್ರಿ ಸರ್, ತೂಕದ ಕಾಟಾ ಮ್ಯಾಲ ಇಟ್ಟಬಿಡ್ರಿ. ಖಾಲಿ ಸಿಲಿಂಡರ್ ತೂಕ ಕುತ್ತಿಗಿ ಮ್ಯಾಲ ಹೊಡದಿರತಾರ ನೋಡ್ರಿ." ನಿಜ, ಟೇರ್ ತೂಕ ಕುತ್ತಿಗೆಯ ಮೇಲೆ ಕೊರೆದಿತ್ತು, ಇಷ್ಟು ದಿನ ಯಾರೂ ನೋಡಿರಲಿಲ್ಲ. ಈಗ ಸಿಲಿಂಡರನ್ನು ಸರಪಳಿ ಹಾಕಿ ಗೋಡೆಗೆ ನಿಲ್ಲಿಸಿ, ಕೆಳಗೆ ಪ್ಲ್ಯಾಟ್‌ಫಾರ್ಮ್ ಕಾಟಾ ಇಟ್ಟಿದ್ದೇವೆ. ಸರಪಳಿ ಭಾರ ಹಿಡಿಯದಷ್ಟು ಸಡಿಲ ಇರಲಿ. ಜೊತೆಗೆ ಇನ್ನೊಂದು ತುಂಬಿದ ಸಿಲಿಂಡರ್, ಮಧ್ಯೆ ಬದಲಿಸುವ ವಾಲ್ವ್. ತುಂಬಿಸಲು ಒಂದೂವರೆ ಸಾವಿರದ ಆಸುಪಾಸು, ಡಿಪಾಸಿಟ್ ಬೇರೆ.

ಎರಡನೇ ಬ್ಯಾಚ್‌ನಲ್ಲಿ 48 ಮತ್ತು 72 ಗಂಟೆಗೆ ಮೀಡಿಯಂ ತೆಗೆದು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿದೆವು. ಫಿಲ್ಟರ್ ಪಿಇಎಸ್ (ಪ್ರೋಟೀನ್ ಅಷ್ಟಾಗಿ ಅಂಟದ ಪ್ಲಾಸ್ಟಿಕ್) ಇರಲಿ. ನೈಟ್ರೋಸೆಲ್ಯುಲೋಸ್ ಪ್ರೋಟೀನ್ ಹಿಡಿದುಕೊಳ್ಳುತ್ತದೆ, ವೈರಸ್ ಫಿಲ್ಟರ್‌ನಲ್ಲೇ ಉಳಿಯುತ್ತದೆ. ಸಣ್ಣ ಸಣ್ಣ ಟ್ಯೂಬ್‌ಗಳಲ್ಲಿ ಮೈನಸ್ 80ಕ್ಕೆ ಇಟ್ಟೆವು. ಒಂದು ಟ್ಯೂಬ್ ಒಂದೇ ಸಲ ಕರಗಿಸಬೇಕು, ಪ್ರತಿ ಸಲ ಕರಗಿಸಿ ಹೆಪ್ಪುಗಟ್ಟಿಸಿದಾಗಲೂ ಟೈಟರ್ (ಮಿ.ಲೀ.ಗೆ ಕೆಲಸ ಮಾಡುವ ವೈರಸ್ ಎಷ್ಟು ಅನ್ನೋ ಲೆಕ್ಕ) ಬೀಳುತ್ತದೆ.

ಹಂತ 5: ಟೈಟರ್

ಜಿ6ಪಿಡಿ ವೈರಸ್ ಜೊತೆಗೇ ಸೆಲ್ ಹಸಿರಾಗಿ ಹೊಳೆಯುವಂತೆ ಮಾಡುವ ಜಿಎಫ್‌ಪಿ ಜೀನ್ ಇರುವ ವೈರಸನ್ನೂ ಅದೇ ದಿನ, ಅದೇ ರೀತಿ ಮಾಡಿದ್ದೆವು. ಲೆಕ್ಕ ಸುಲಭ. ಪ್ಲೇಟ್‌ನ ಒಂದು ಗುಳಿಯಲ್ಲಿ 1 ಲಕ್ಷ ಸೆಲ್, ಅದಕ್ಕೆ 0.01 ಮಿ.ಲೀ. ವೈರಸ್ ಹಾಕಿದಾಗ ಶೇ. 20 ಸೆಲ್ ಹಸಿರಾದರೆ, 20 ಸಾವಿರ ಭಾಗಿಸು 0.01, ಅಂದರೆ ಮಿ.ಲೀ.ಗೆ 20 ಲಕ್ಷ. ಹಸಿರು ಶೇ. 20ರ ಸುತ್ತ ಇರುವ ಗುಳಿಯನ್ನೇ ಲೆಕ್ಕಕ್ಕೆ ತಗೊಳ್ಳಿ. ಶೇ. 80 ಹಸಿರಾಗಿದ್ದರೆ ಎಷ್ಟೋ ಸೆಲ್‌ಗಳಿಗೆ ಒಂದಕ್ಕಿಂತ ಜಾಸ್ತಿ ವೈರಸ್ ಹೊಕ್ಕಿರುತ್ತವೆ, ಲೆಕ್ಕ ತಪ್ಪುತ್ತದೆ. ಸೆಲ್‌ಗಳನ್ನು ತಾನೇ ಎಣಿಸುವ ಫ್ಲೋ ಸೈಟೋಮೀಟರ್ ಇಲ್ಲದ ಕಾರಣ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್‌ನಲ್ಲಿ ಕೈಯಿಂದಲೇ ಎಣಿಸಿದೆವು.

ಜಿ6ಪಿಡಿ ವೈರಸ್‌ಗೆ ಹಸಿರು ಇಲ್ಲ. ಅದನ್ನು ಪ್ಯೂರೋಮೈಸಿನ್ ಹಾಕಿ ಉಳಿದ ಕಾಲೊನಿ ಎಣಿಸಿ ಅಳೆದೆವು. ಆಮೇಲೆ ಎಂಒಐ (ಒಂದು ಸೆಲ್‌ಗೆ ಎಷ್ಟು ವೈರಸ್ ಅನ್ನೋ ಅನುಪಾತ) 0.3ಕ್ಕೆ ಇಳಿಸಿದೆವು, ಅಂದರೆ ಮೂರು ಸೆಲ್‌ಗೆ ಒಂದು ವೈರಸ್‌ಗಿಂತ ಸ್ವಲ್ಪ ಕಡಿಮೆ. ಹಾಗೆ ಮಾಡಿದರೆ ಸುಮಾರು ಶೇ. 26 ಸೆಲ್‌ಗಳಿಗೆ ವೈರಸ್ ಹೊಗುತ್ತದೆ, ಹೊಕ್ಕವುಗಳಲ್ಲಿ ಶೇ. 86ರಷ್ಟಕ್ಕೆ ಒಂದೇ ಪ್ರತಿ ಇರುತ್ತದೆ. ಜೀನ್ ಜಾಸ್ತಿ ಬೇಕು ಎಂದು ವೈರಸನ್ನೂ ಜಾಸ್ತಿ ಸುರಿದರೆ ಜೀನೋಮ್‌ನಲ್ಲಿ ಎಲ್ಲೆಲ್ಲೋ ಕೂತು, ಮುಂದೆ ಕಾಣುವ ಬದಲಾವಣೆ ಜಿ6ಪಿಡಿಯಿಂದ ಬಂತೋ ಬೇರೆ ಜೀನ್ ಮುರಿದು ಬಂತೋ ಹೇಳಲು ಆಗೋದಿಲ್ಲ.

ಪ್ಯೂರೋಮೈಸಿನ್ ಪ್ರಮಾಣವನ್ನು ಪ್ರತಿ ಸೆಲ್‌ಗೂ ಬೇರೆಯಾಗಿ ನೋಡಿ. ವೈರಸ್ ಹಾಕದ ಸೆಲ್‌ಗಳೆಲ್ಲಾ ಮೂರು ದಿನದಲ್ಲಿ ಸಾಯುವ ಕನಿಷ್ಠ ಪ್ರಮಾಣ ಯಾವುದೋ ಅದು. ನಮಗೆ 1.5 ಮೈಕ್ರೋಗ್ರಾಂ/ಮಿ.ಲೀ. ಸಾಕಾಯಿತು.

ಹಂತ 6: ಎ549ರಲ್ಲಿ ಸಿಕ್ಕಿಬಿದ್ದದ್ದು

ಮೊದಲು ಹಿಡಿದಿದ್ದು ಎ549, ಶ್ವಾಸಕೋಶದ ಕ್ಯಾನ್ಸರ್ ಸೆಲ್. ಪುಣೆಯ ಎನ್‌ಸಿಸಿಎಸ್‌ನಿಂದ ತಂದ ಲೈನ್ ಇತ್ತು, ಬೆಳೆಸೋದೂ ಸುಲಭ. ವೈರಸ್ ಹೊಕ್ಕಿತು, ಪ್ಯೂರೋಮೈಸಿನ್‌ನಲ್ಲಿ ಉಳಿಯಿತು, ಬ್ಲಾಟ್‌ನಲ್ಲಿ 59 ಕಿಲೋಡಾಲ್ಟನ್ ತೂಕದ ಹತ್ತಿರ ಫ್ಲ್ಯಾಗ್ ಬ್ಯಾಂಡ್ ಚೆನ್ನಾಗಿ ಬಂತು. ಲ್ಯಾಬ್‌ನಲ್ಲಿ ಪೇಡೆ ಹಂಚಿ ಆಗಿತ್ತು. ಆಮೇಲೆ ಕಿಣ್ವದ ಚಟುವಟಿಕೆ ಅಳೆದರೆ, ಖಾಲಿ ವೆಕ್ಟರ್ (ಜಿ6ಪಿಡಿ ಜೀನ್ ಇಲ್ಲದ ವೈರಸ್) ಹಾಕಿದ ಸೆಲ್‌ಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಅನ್ನಬೇಕು.

ನಮ್ಮ ಲ್ಯಾಬ್‌ನ ಮೇಡಂ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ವೈರಸ್ ಹಾಕದ ಎ549ರಲ್ಲಿ ಎಷ್ಟದ ಅಂತ ನೋಡೀರೇನು?" ನೋಡಿದರೆ ಅದೇ ಆಕಾಶದಲ್ಲಿತ್ತು. ಎ549ರಲ್ಲಿ ಕೀಪ್1 ಜೀನ್ ಕೆಟ್ಟಿರುತ್ತದೆ. ಅದರಿಂದ ಅದು ತಡೆದಿಡಬೇಕಾದ ಎನ್‌ಆರ್‌ಎಫ್2 (ಬೇರೆ ಜೀನ್‌ಗಳನ್ನು ಚಾಲೂ ಮಾಡುವ ಪ್ರೋಟೀನ್) ಸದಾ ಚಾಲೂ ಇದ್ದು ಜಿ6ಪಿಡಿಯನ್ನು ಮೊದಲೇ ಮೇಲೆತ್ತಿ ಇಟ್ಟಿರುತ್ತದೆ. ಅಷ್ಟು ಇರುವ ಕಡೆ ಒಂದು ಪ್ರತಿ ಸೇರಿಸಿದರೆ ಕಾಣುವುದಾದರೂ ಏನು? ಫ್ಲ್ಯಾಗ್ ಬ್ಲಾಟ್ ನಮ್ಮ ಪ್ರೋಟೀನನ್ನು ಮಾತ್ರ ತೋರಿಸುತ್ತದೆ, ಮೊದಲಿದ್ದದ್ದನ್ನು ತೋರಿಸೋದಿಲ್ಲ. ಜಿ6ಪಿಡಿಯದ್ದೇ ಆಂಟಿಬಾಡಿ ಹಾಕಿದಾಗ ಎರಡೂ ಲೇನ್ ಹೆಚ್ಚುಕಡಿಮೆ ಒಂದೇ ಥರ ಕಂಡವು.

ಯಾವ ಕಿಣ್ವ ಜಾಸ್ತಿ ಮಾಡಬೇಕೋ ಅದು ನೀವು ಹಿಡಿದ ಸೆಲ್‌ನಲ್ಲಿ ಮೊದಲೇ ಎಷ್ಟಿದೆ ಎಂದು ಪ್ಲಾಸ್ಮಿಡ್ ಕಟ್ಟುವ ಮೊದಲೇ ಅಳೆಯಿರಿ. ಅರ್ಧ ದಿನದ ಕೆಲಸ. ನಾವು ಚರ್ಮದ ಫೈಬ್ರೋಬ್ಲಾಸ್ಟ್‌ಗೆ (ಚರ್ಮದ ಒಳಪದರದ ಸೆಲ್) ಬದಲಾಯಿಸಿದೆವು.

ಹಂತ 7: ಚಟುವಟಿಕೆ ಅಳೆಯುವುದು

ಇದಕ್ಕೆ ಬೇಕಾದದ್ದು 340 ನ್ಯಾನೋಮೀಟರ್‌ನಲ್ಲಿ ಓದುವ ಸ್ಪೆಕ್ಟ್ರೋಫೋಟೋಮೀಟರ್. ಗಾಜಿನ ಕ್ಯುವೆಟ್ ಸಾಕು, ಕ್ವಾರ್ಟ್ಜ್ ಬೇಕಿಲ್ಲ. 1 ಮಿ.ಲೀ. ಮಿಶ್ರಣ: ಟ್ರಿಸ್ 100 ಮಿಲಿಮೋಲಾರ್ ಪಿಎಚ್ 8, ಮೆಗ್ನೀಶಿಯಂ ಕ್ಲೋರೈಡ್ 10, ಎನ್‌ಎಡಿಪಿ 0.2, ಗ್ಲೂಕೋಸ್-6-ಫಾಸ್ಫೇಟ್ 0.6. ಸೆಲ್ ರಸ ಹಾಕಿದ ಕೂಡಲೇ ಎನ್‌ಎಡಿಪಿಎಚ್ ತಯಾರಾಗಿ ಓದು ಏರಲು ಶುರುವಾಗುತ್ತದೆ.

ಎರಡು ಕಡೆ ಎಡವುತ್ತದೆ. ಒಂದು, ರಸದಲ್ಲಿ ಜಿ6ಪಿಡಿ ಬೇಗ ಸಾಯುತ್ತದೆ. ರಾತ್ರಿ ಐಸ್‌ನಲ್ಲಿ ಇಟ್ಟ ಸ್ಯಾಂಪಲ್ ಬೆಳಿಗ್ಗೆಗೆ ಅರ್ಧಕ್ಕೆ ಇಳಿದಿತ್ತು. ಸೆಲ್ ಒಡೆಯುವ ಬಫರ್‌ಗೇ 20 ಮೈಕ್ರೋಮೋಲಾರ್ ಎನ್‌ಎಡಿಪಿ ಹಾಕಿದರೆ ಪ್ರೋಟೀನ್ ಗಟ್ಟಿ ನಿಲ್ಲುತ್ತದೆ. ಆದರೂ ಅದೇ ದಿನ ಅಳೆಯೋದು ಒಳ್ಳೇದು.

ಎರಡನೆಯದು ಮುಖ್ಯ. ಜಿ6ಪಿಡಿಯ ಕೆಲಸದಿಂದ ಕೊನೆಗೆ 6-ಫಾಸ್ಫೋಗ್ಲೂಕೋನೇಟ್ ಆಗುತ್ತದೆ. ಸೆಲ್ ರಸದಲ್ಲಿ ಅದನ್ನು ಹಿಡಿದು ಮತ್ತೊಂದು ಎನ್‌ಎಡಿಪಿಎಚ್ ಮಾಡುವ ಇನ್ನೊಂದು ಕಿಣ್ವವೂ ಇರುತ್ತದೆ. ಎರಡೂ 340ರಲ್ಲೇ ಕಾಣುತ್ತವೆ. ಒಂದೇ ಮೀಟರ್‌ಗೆ ಎರಡು ಮನೆಯ ಕರೆಂಟ್ ಜೋಡಿಸಿದ ಹಾಗೆ, ಬಿಲ್ ಯಾರದ್ದು ಎಷ್ಟು ಗೊತ್ತಾಗೋದಿಲ್ಲ. ಅದಕ್ಕೆ ಎರಡು ಕ್ಯುವೆಟ್ ಇಡಿ. ಒಂದರಲ್ಲಿ ಗ್ಲೂಕೋಸ್-6-ಫಾಸ್ಫೇಟ್ ಮತ್ತು 6-ಫಾಸ್ಫೋಗ್ಲೂಕೋನೇಟ್ ಎರಡೂ, ಇನ್ನೊಂದರಲ್ಲಿ 6-ಫಾಸ್ಫೋಗ್ಲೂಕೋನೇಟ್ ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯೋದು ಜಿ6ಪಿಡಿ.

ಫೈಬ್ರೋಬ್ಲಾಸ್ಟ್‌ನಲ್ಲಿ ಬಂದದ್ದು, ಪ್ರತಿ ಕ್ಯುವೆಟ್‌ಗೆ 50 ಮೈಕ್ರೋಗ್ರಾಂ ಪ್ರೋಟೀನ್ ಹಾಕಿ:

ಖಾಲಿ ವೆಕ್ಟರ್: ಎರಡೂ ಇದ್ದಾಗ ಓದು ಏರಿದ್ದು ನಿಮಿಷಕ್ಕೆ 0.031, 6-ಫಾಸ್ಫೋಗ್ಲೂಕೋನೇಟ್ ಒಂದೇ ಇದ್ದಾಗ 0.013. ಉಳಿದದ್ದು 0.018.
ಜಿ6ಪಿಡಿ: 0.094 ಮತ್ತು 0.014. ಉಳಿದದ್ದು 0.080.

6.22ರಿಂದ (ಎನ್‌ಎಡಿಪಿಎಚ್ 340ರಲ್ಲಿ ಎಷ್ಟು ಬೆಳಕು ಹೀರುತ್ತದೆ ಅನ್ನೋ ಸಂಖ್ಯೆ) ಭಾಗಿಸಿ ಪ್ರೋಟೀನ್ ಲೆಕ್ಕಕ್ಕೆ ತಂದರೆ ಖಾಲಿಯಲ್ಲಿ ಮಿ.ಗ್ರಾಂಗೆ ನಿಮಿಷಕ್ಕೆ 58 ನ್ಯಾನೋಮೋಲ್, ನಮ್ಮದರಲ್ಲಿ 257. ನಾಲ್ಕು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಕಳೆಯದೇ ಬಿಟ್ಟಿದ್ದರೆ ಮೂರು ಪಟ್ಟು ಅಂತ ಬರೆದುಕೊಳ್ಳುತ್ತಿದ್ದೆವು.

ನಮ್ಮ ಯಂತ್ರದಲ್ಲಿ ಕ್ಯುವೆಟ್ ಬಿಸಿ ಇಡುವ ವ್ಯವಸ್ಥೆ ಇಲ್ಲ. ಬೆಳಿಗ್ಗೆ ಒಂಬತ್ತರ ಓದು ಮತ್ತು ಮಧ್ಯಾಹ್ನ ಮೂರರ ಓದು ಒಂದೇ ಸ್ಯಾಂಪಲ್‌ಗೂ ಬೇರೆ ಬರುತ್ತದೆ. ಹಾಗಾಗಿ ಖಾಲಿ ವೆಕ್ಟರನ್ನು ಪ್ರತಿ ಸಲ ಪಕ್ಕದಲ್ಲೇ ಇಟ್ಟು ಓದುತ್ತೇವೆ, ನಿನ್ನೆಯ ಖಾಲಿ ಜೊತೆ ಇವತ್ತಿನದನ್ನು ಹೋಲಿಸೋದಿಲ್ಲ.

ಹಂತ 8: ಕೆಲಸ ಮಾಡದ ಜಿ6ಪಿಡಿ

ಖಾಲಿ ವೆಕ್ಟರ್ ಒಂದೇ ಕಂಟ್ರೋಲ್ ಆದರೆ ಸಾಲದು. ಸೆಲ್ ಸುಮ್ನೆ ಪ್ರೋಟೀನ್ ಹೊರೆಯಿಂದಲೇ ಬದಲಾಗಿರಬಹುದು ಅಲ್ವಾ? 205ನೇ ಜಾಗದ ಲೈಸಿನ್ ಈ ಕಿಣ್ವದ ಕೆಲಸಕ್ಕೆ ಬೇಕೇ ಬೇಕು. ಅದನ್ನು ಥ್ರಿಯೋನಿನ್ ಮಾಡಿದ ಪ್ಲಾಸ್ಮಿಡ್ ಕಟ್ಟಿ, ಅದೇ ದಾರಿಯಲ್ಲಿ ವೈರಸ್ ಮಾಡಿ, ಅದೇ ಫೈಬ್ರೋಬ್ಲಾಸ್ಟ್‌ಗೆ ಹಾಕಿದೆವು. ಫ್ಲ್ಯಾಗ್ ಬ್ಯಾಂಡ್ ಕಿಣ್ವ ಸರಿ ಇರುವ ಲೈನ್‌ನಷ್ಟೇ ದಪ್ಪ. ಚಟುವಟಿಕೆ 0.017, ಖಾಲಿಯಷ್ಟೇ. ಎರಡು ಲೇನ್ ಪಕ್ಕಪಕ್ಕ ಇಟ್ಟರೆ ಯಾವುದು ಬದುಕಿದೆ ಯಾವುದು ಸತ್ತಿದೆ ಎಂದು ಬ್ಲಾಟ್ ನೋಡಿ ಯಾರೂ ಹೇಳಲಾರರು.

ಈಗ ಎಲ್ಲಿದೆ

ಮೂರೂ ಲೈನ್‌ಗಳನ್ನು ಶೇ. 10 ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಸೆಲ್ ಕಾಪಾಡುವ ದ್ರವ) ಹಾಕಿ ದ್ರವ ನೈಟ್ರೋಜನ್‌ಗೆ ಇಳಿಸಿದ್ದೇವೆ: ಖಾಲಿ, ಜಿ6ಪಿಡಿ, ಕೆ205ಟಿ (205ರ ಲೈಸಿನ್ ಬದಲಿಸಿದ್ದು). ಪ್ರತಿ ಐದನೇ ಪ್ಯಾಸೇಜ್‌ಗೆ (ಸೆಲ್‌ಗಳನ್ನು ಹೊಸ ಬಾಟಲಿಗೆ ಹಂಚುವ ಸರದಿ) ಚಟುವಟಿಕೆ ಮತ್ತೆ ಅಳೆಯುವುದು ಎಂದು ಗೊತ್ತು ಮಾಡಿದ್ದೇವೆ. ಇಳಿದರೆ ಆ ಬಾಟಲಿ ಬಿಟ್ಟು ಹೊಸ ವಯಲ್ ತೆಗೆಯುವುದು. ಮುಂದಿನ ಕೆಲಸ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಮೂರರಲ್ಲಿ ಯಾವುದು ಎಷ್ಟು ತಡೆದುಕೊಳ್ಳುತ್ತದೆ ನೋಡುವುದು. ಅದಕ್ಕೆ ಮುಂಚೆ ಕ್ಯುವೆಟ್ ಹೋಲ್ಡರ್‌ಗೆ ನೀರು ಹರಿಸುವ ಜ್ಯಾಕೆಟ್ ಮಾಡಿಸಬೇಕು, ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಅಳತೆ ಕೊಟ್ಟು ಬಂದಿದ್ದೇನೆ. ಹಿತ್ತಾಳೆ ಬೇಡ, ಅಲ್ಯೂಮಿನಿಯಂನಲ್ಲಿ ಮಾಡಿಕೊಡುತ್ತೇವೆ ಅಂದಿದ್ದಾರೆ.